ಸೋಮದ ಸಸ್ಯಮೂಲ: ಋಕ್ಕುಗಳ ಓದು ಮತ್ತು ರಸಾಯನಶಾಸ್ತ್ರದ ಸಾಕ್ಷ್ಯ

ಋಗ್ವೇದದ ಹತ್ತು ಮಂಡಲಗಳಲ್ಲಿ ಒಂಬತ್ತನೆಯದು ಬಹುಮಟ್ಟಿಗೆ ಇಡಿಯಾಗಿ ಒಂದೇ ದೇವತೆಗೆ ಮೀಸಲಾಗಿದೆ. 114 ಸೂಕ್ತಗಳ ಈ ಮಂಡಲದ ದೇವತೆ ಪವಮಾನ ಸೋಮ, ಎಂದರೆ ಶೋಧನೆಗೊಳ್ಳುತ್ತಿರುವ ಸೋಮರಸ. ಇಷ್ಟೊಂದು ಸ್ತುತಿಗೆ ಪಾತ್ರವಾದ ರಸವನ್ನು ಯಾವ ಸಸ್ಯದಿಂದ ಹಿಂಡಲಾಗುತ್ತಿತ್ತು ಎಂಬ ಪ್ರಶ್ನೆಗೆ ಮಾತ್ರ ಸರ್ವಸಮ್ಮತವಾದ ಉತ್ತರ ಇಂದಿಗೂ ದೊರೆತಿಲ್ಲ. ಕಳೆದ ಒಂದೂವರೆ ಶತಮಾನದಲ್ಲಿ ಈ ಪ್ರಶ್ನೆಯನ್ನು ಭಾಷಾಶಾಸ್ತ್ರಜ್ಞರು, ಸಸ್ಯವಿಜ್ಞಾನಿಗಳು, ಪುರಾತತ್ತ್ವಜ್ಞರು ಕೈಗೆತ್ತಿಕೊಂಡಿದ್ದಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರೊಂದಿಗೆ ರಸಾಯನಶಾಸ್ತ್ರಜ್ಞರೂ ಸೇರಿಕೊಂಡರು. ಈ ಕೊನೆಯವರ ಪ್ರವೇಶದಿಂದ ಚರ್ಚೆಯ ಸ್ವರೂಪವೇ ಬದಲಾಯಿತು. ಪ್ರಾಚೀನ ಕಾವ್ಯವೊಂದನ್ನು ಔಷಧದ ಸಾಕ್ಷ್ಯಪತ್ರವೆಂಬಂತೆ ಓದಬಹುದೆ, ಓದುವುದಾದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು. ಸಾಹಿತ್ಯದ ಅಭ್ಯಾಸಿಗಳಿಗೆ ಸೋಮದ ಗುರುತಿಗಿಂತಲೂ ಈ ಪ್ರಶ್ನೆಯೇ ಹೆಚ್ಚು ಮುಖ್ಯವಾದುದು.

ರಸವನ್ನು ಸಿದ್ಧಪಡಿಸುವ ಕ್ರಮದ ವಿಷಯದಲ್ಲಿ ಋಕ್ಕುಗಳು ಮೌನವಾಗಿಲ್ಲ. ಸೋಮದ ಕಡ್ಡಿಗಳಿಗೆ 'ಅಂಶು' ಎಂದು ಹೆಸರು. ಅವುಗಳನ್ನು ಕಲ್ಲುಗಳಿಂದ ಜಜ್ಜಿ ರಸ ತೆಗೆಯುತ್ತಿದ್ದರು. ಆ ಕಲ್ಲುಗಳನ್ನು 'ಅದ್ರಿ', 'ಗ್ರಾವ' ಎಂದು ಕರೆಯಲಾಗಿದೆ. ಕುರಿಯ ಉಣ್ಣೆಯಿಂದ ಮಾಡಿದ 'ಪವಿತ್ರ'ವೆಂಬ ಶೋಧಕದ ಮೂಲಕ ರಸವನ್ನು ಸೋಸುತ್ತಿದ್ದರು. ಹಾಲು, ಮೊಸರು ಅಥವಾ ಯವದ ಹಿಟ್ಟನ್ನು ಬೆರೆಸಿ ದೇವತೆಗಳಿಗೆ ಅರ್ಪಿಸಿ ಋತ್ವಿಜರು ಸೇವಿಸುತ್ತಿದ್ದರು. ಶ್ರೌತ ವಿಧಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ದಿನಕ್ಕೆ ಮೂರು ಸವನಗಳು. ಸೋಮವು ಪರ್ವತದಲ್ಲಿ ಬೆಳೆಯುವಂಥದ್ದೆಂಬ ಮಾತು ಅನೇಕ ಕಡೆ ಬರುತ್ತದೆ. ಜೂಜುಗಾರನ ಸೂಕ್ತವೆಂದು ಪ್ರಸಿದ್ಧವಾದ 10.34ರಲ್ಲಿ ಮೂಜವತ್ ಪರ್ವತದ ಸೋಮದ ಪ್ರಸ್ತಾಪವಿದೆ. ಆದರೆ ಆ ಗಿಡದ ಎಲೆ ಹೇಗಿತ್ತು, ಹೂವು ಯಾವ ಬಣ್ಣದ್ದು, ಬೇರು ಎಂಥದ್ದು ಎಂಬ ವಿವರ ಮಾತ್ರ ಋಗ್ವೇದದಲ್ಲಿ ಸಿಗುವುದಿಲ್ಲ.

ಈ ಮೌನದ ಅರ್ಥವನ್ನು ತಿಳಿಯಲು ಬೇರೊಂದು ಪ್ರಕಾರದ ಕೃತಿಯನ್ನು ಪಕ್ಕದಲ್ಲಿಟ್ಟು ನೋಡುವುದು ಒಳಿತು. 14ನೆಯ ಶತಮಾನದ ಜೈನಕವಿ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಕನ್ನಡದ ವಿಷವೈದ್ಯ ಗ್ರಂಥ. ಅದೂ ಪದ್ಯರೂಪದಲ್ಲಿಯೇ ಇದೆ, ಕರ್ತೃವಿಗೆ ಕವಿಯೆಂಬ ಅಭಿಮಾನವೂ ಇದೆ. ಆದರೂ ವಿಷದ ಮೂಲ ಯಾವುದು, ಅದು ದೇಹಕ್ಕೇರಿದಾಗ ಕಾಣುವ ಲಕ್ಷಣಗಳು ಯಾವುವು, ಅದಕ್ಕೆ ಮದ್ದೇನು ಎಂಬುದನ್ನು ಹೇಳುವುದೇ ಅಲ್ಲಿ ಉದ್ದೇಶ. ಹೆಸರು ತಪ್ಪಿದರೆ ಜೀವ ಹೋಗುತ್ತದೆ. ಸೋಮಸೂಕ್ತಗಳ ಋಷಿಗೆ ಅಂಥ ಹೊಣೆಯಿರಲಿಲ್ಲ. ಕೇಳುವವರೆಲ್ಲರೂ ಆ ಕಡ್ಡಿಗಳನ್ನು ಕಣ್ಣಾರೆ ಕಂಡವರು, ರಸವನ್ನು ಕುಡಿದವರು. ಅವರ ಮುಂದೆ ಗಿಡವನ್ನು ವರ್ಣಿಸುವ ಅಗತ್ಯವಿರಲಿಲ್ಲ. ಅದನ್ನು ಸೂರ್ಯನಿಗೆ, ವೃಷಭಕ್ಕೆ, ಮಳೆಗೆ, ಹೇಷಿಸುವ ಕುದುರೆಗೆ ಹೋಲಿಸುವುದಷ್ಟೇ ಉಳಿದಿತ್ತು. ಹೀಗಾಗಿ ಮುಂದಿನವರಿಗೆ ಉಪಮಾನಗಳು ದೊರೆತವು, ಉಪಮೇಯ ಕೈತಪ್ಪಿತು.

ಕೈತಪ್ಪುವ ಪ್ರಕ್ರಿಯೆ ಬಹಳ ಹಿಂದೆಯೇ ಆರಂಭವಾಗಿತ್ತು. ಶತಪಥ ಬ್ರಾಹ್ಮಣವು ಸೋಮ ಸಿಗದಿದ್ದಾಗ ಯಾವ ಯಾವ ಸಸ್ಯಗಳನ್ನು ಬದಲಿಯಾಗಿ ಬಳಸಬಹುದೆಂದು ಕ್ರಮವಾಗಿ ಹೇಳುತ್ತದೆ. ಯಾಗದ ಆರಂಭದಲ್ಲಿ ಹಸುವನ್ನು ಕೊಟ್ಟು ಸೋಮವನ್ನು ಕೊಳ್ಳುವ 'ಸೋಮಕ್ರಯ'ವೆಂಬ ವಿಧಿಯಿದೆ. ಒಣಗಿದ ಕಡ್ಡಿಗಳನ್ನು ನೀರಿನಿಂದ ಉಬ್ಬಿಸುವ 'ಆಪ್ಯಾಯನ'ವೂ ಇದೆ. ಇವನ್ನು ಒಟ್ಟಾಗಿ ನೋಡಿದರೆ, ಸೋಮವು ದೂರದ ಪರ್ವತಪ್ರದೇಶದಿಂದ ಒಣಗಿದ ಸ್ಥಿತಿಯಲ್ಲಿ ಬರುತ್ತಿದ್ದ ಸರಕಾಗಿತ್ತೆಂದು ಊಹಿಸಲು ಆಧಾರವಿದೆ. ಎಲೆ, ಹೂ, ಬೇರುಗಳು ಯಾಗಶಾಲೆಯನ್ನು ತಲುಪದೆ ಇದ್ದಲ್ಲಿ ಅವು ಸೂಕ್ತಗಳಲ್ಲಿ ಕಾಣಿಸದಿರುವುದು ಆಶ್ಚರ್ಯವಲ್ಲ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನಕ್ಕೆ ಬರುವ ವೇಳೆಗೆ ಸೋಮವು ಪೂರ್ಣವಾಗಿ ಪುರಾಣದ ವಸ್ತುವಾಗಿದೆ. ಅಲ್ಲಿ 24 ಬಗೆಯ ಸೋಮಗಳ ಹೆಸರುಗಳಿವೆ. ಶುಕ್ಲಪಕ್ಷದಲ್ಲಿ ದಿನಕ್ಕೊಂದರಂತೆ ಹದಿನೈದು ಎಲೆಗಳು ಮೂಡಿ ಕೃಷ್ಣಪಕ್ಷದಲ್ಲಿ ಒಂದೊಂದಾಗಿ ಉದುರುತ್ತವೆಂಬ ವರ್ಣನೆಯಿದೆ. ಸೋಮನೆಂದರೆ ಚಂದ್ರನೆಂಬ ಸಮೀಕರಣವು ಗಿಡದ ಮೇಲೆ ಹೀಗೆ ಆರೋಪಿತವಾಯಿತು. ದಕ್ಷಿಣ ಭಾರತದ ಶ್ರೌತ ಪರಂಪರೆಯಲ್ಲಿ ಉಳಿದುಬಂದದ್ದು ಎಲೆಯಿಲ್ಲದ, ಹಾಲುಸೊನೆ ಸುರಿಸುವ ಒಂದು ಹಂಬು. ಕನ್ನಡದಲ್ಲಿ ಅದನ್ನು ಸೋಮಬಳ್ಳಿ, ಹಂಬುಕಳ್ಳಿ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಸಾರ್ಕೊಸ್ಟೆಮ್ಮಾ ಎಂಬ ಕುಲದಲ್ಲಿ ಸೇರಿಸಿದ್ದಾರೆ. 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು ನಡೆಸಿದ, ಫ್ರಿಟ್ಸ್ ಸ್ಟಾಲ್ ಅವರು ವಿಸ್ತಾರವಾಗಿ ದಾಖಲಿಸಿದ ಅಗ್ನಿಚಯನದಲ್ಲಿಯೂ ಬಳಕೆಯಾದದ್ದು ಈ ಹಂಬೇ. ಪರಂಪರೆಯ ನಿರಂತರತೆಗೆ ಇದು ಸಾಕ್ಷಿ. ಸಸ್ಯದ ನಿರಂತರತೆಗೆ ಅಲ್ಲ.

ಸೋಮವು ಹುಳಿಯೇರಿದ ಮದ್ಯವೆಂಬ ಮತವನ್ನು ಇಲ್ಲಿಯೇ ಬದಿಗಿಡಬಹುದು. ಒಂದೇ ದಿನದಲ್ಲಿ ಹಿಂಡಿ, ಸೋಸಿ, ಕುಡಿಯುವ ರಸಕ್ಕೆ ಹುಳಿಯುವ ಕಾಲಾವಕಾಶವಿಲ್ಲ. ಅಲ್ಲದೆ ವೈದಿಕ ವಾಙ್ಮಯಕ್ಕೆ ಸುರೆಯ ಪರಿಚಯ ಚೆನ್ನಾಗಿಯೇ ಇತ್ತು. ಶತಪಥ ಬ್ರಾಹ್ಮಣವು ಸೋಮವನ್ನು ಸತ್ಯ ಮತ್ತು ಬೆಳಕಿನೊಂದಿಗೆ, ಸುರೆಯನ್ನು ಅನೃತ ಮತ್ತು ಕತ್ತಲೆಯೊಂದಿಗೆ ಜೋಡಿಸಿ ಎರಡನ್ನೂ ಬೇರ್ಪಡಿಸುತ್ತದೆ.

ಹಾಗಾದರೆ ಋಷಿಗಳು ಹೇಳುವ 'ಮದ' ಯಾವ ಬಗೆಯದು? 8.48ನೆಯ ಸೂಕ್ತದಲ್ಲಿ ಸೋಮಪಾನದಿಂದ ಅಮರತ್ವವನ್ನೂ ಬೆಳಕನ್ನೂ ಪಡೆದ ಸಂತೋಷವಿದೆ. 'ಲಬಸೂಕ್ತ'ವೆಂದು ಹೆಸರಾದ 10.119ರಲ್ಲಿ ಮಾತನಾಡುವವನು ಭೂಮ್ಯಾಕಾಶಗಳನ್ನು ಮೀರಿ ಬೆಳೆದಂತೆ, ಭೂಮಿಯನ್ನೇ ಎತ್ತಿ ಬೇರೆಡೆ ಇಡಬಲ್ಲವನಂತೆ ತನ್ನನ್ನು ಭಾವಿಸಿಕೊಳ್ಳುತ್ತಾನೆ. ಇಂಥ ಅನುಭವವನ್ನು ತರಬಲ್ಲ ದ್ರವ್ಯಗಳು ಇವೆಯೆಂಬುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪ್ರಯೋಗಾಲಯದಿಂದ ಹೊರಬಿದ್ದ ಸುದ್ದಿಯಾಗಿತ್ತು. ಚರ್ಚೆಯು ಹೊಸ ದಿಕ್ಕಿಗೆ ಹೊರಳಿದ್ದು ಇಲ್ಲಿಂದ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಸಂಸ್ಥೆಯಲ್ಲಿದ್ದ ಆಲ್ಬರ್ಟ್ ಹಾಫ್‌ಮನ್, ರೈ ಧಾನ್ಯದ ತೆನೆಗೆ ಹತ್ತುವ ಅರ್ಗಟ್ ಎಂಬ ಶಿಲೀಂಧ್ರದ ಕ್ಷಾರಾಭಗಳ ಮೇಲೆ ಕೆಲಸ ಮಾಡುತ್ತಿದ್ದರು. 1938ರಲ್ಲಿ ಅವರು ಲೈಸರ್ಜಿಕ್ ಆಮ್ಲದಿಂದ ಎಲ್‌ಎಸ್‌ಡಿಯನ್ನು ಸಂಶ್ಲೇಷಿಸಿದರು. 1943ರ ಏಪ್ರಿಲ್ 16ರಂದು ಅದರ ಪರಿಣಾಮ ಆಕಸ್ಮಿಕವಾಗಿ ಅವರ ಮೇಲೆಯೇ ಆಯಿತು. ಮೂರು ದಿನಗಳ ನಂತರ ಉದ್ದೇಶಪೂರ್ವಕವಾಗಿ ಕಾಲು ಮಿಲಿಗ್ರಾಂ ಸೇವಿಸಿ ಪರೀಕ್ಷಿಸಿದರು. ಅದು ಅತಿ ಸಣ್ಣ ಪ್ರಮಾಣವೆಂದು ಅವರು ಎಣಿಸಿದ್ದರು. ಅದು ಬಹಳ ಹೆಚ್ಚಾಯಿತು. ಮುಂದಿನ ದಶಕಗಳಲ್ಲಿ ಇದರ ಕಾರ್ಯವಿಧಾನ ಹಂತಹಂತವಾಗಿ ಸ್ಪಷ್ಟವಾಯಿತು. ಎಲ್‌ಎಸ್‌ಡಿಯ ಅಣುವಿನಲ್ಲಿ ಇಂಡೋಲ್ ಎಂಬ ಉಂಗುರರಚನೆಯಿದೆ. ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್‌ನಲ್ಲಿಯೂ ಅದೇ ರಚನೆಯಿದೆ. ಈ ಹೋಲಿಕೆಯಿಂದಾಗಿ ಹೊರಗಿನ ಅಣುವು ಸೆರೊಟೋನಿನ್‌ನ ಗ್ರಾಹಕಗಳನ್ನು, ಮುಖ್ಯವಾಗಿ 5-ಎಚ್‌ಟಿ2ಎ ಎಂದು ಕರೆಯುವ ಬಗೆಯದನ್ನು, ಪ್ರಚೋದಿಸುತ್ತದೆ. 1998ರಲ್ಲಿ ಜ್ಯೂರಿಕ್‌ನ ಫ್ರಾನ್ಜ್ ಫೋಲನ್‌ವೈಡರ್ ಮತ್ತು ಸಹೋದ್ಯೋಗಿಗಳು, ಈ ಗ್ರಾಹಕವನ್ನು ತಡೆಯುವ ಕೆಟಾನ್ಸೆರಿನ್ ಎಂಬ ಔಷಧವನ್ನು ಮೊದಲೇ ಕೊಟ್ಟರೆ ಸೈಲೋಸೈಬಿನ್‌ನ ಮಾನಸಿಕ ಪರಿಣಾಮ ಅಡಗುತ್ತದೆಂದು ಮನುಷ್ಯರಲ್ಲಿ ತೋರಿಸಿದರು. 'ಸೈಕೆಡೆಲಿಕ್' ಎಂಬ ಪದವನ್ನು ಟಂಕಿಸಿದವರು ಮನೋವೈದ್ಯ ಹಂಫ್ರಿ ಆಸ್ಮಂಡ್, ಆಲ್ಡಸ್ ಹಕ್ಸ್‌ಲಿಯೊಂದಿಗಿನ ಪತ್ರವ್ಯವಹಾರದಲ್ಲಿ. ಇದೇ ಹಕ್ಸ್‌ಲಿ 1932ರ ತಮ್ಮ ಕಾದಂಬರಿಯಲ್ಲಿ ಪ್ರಜೆಗಳನ್ನು ತೃಪ್ತರನ್ನಾಗಿಡುವ ಸರಕಾರಿ ಗುಳಿಗೆಗೆ 'ಸೋಮ'ವೆಂದು ಹೆಸರಿಟ್ಟಿದ್ದರು. ಋಷಿಗಳನ್ನು ಎಚ್ಚರಿಸುತ್ತಿದ್ದ ಸೋಮ ಅಲ್ಲಿ ಮರೆವಿನ ಮದ್ದಾಗಿದೆ.

ಇದೇ ಕಾಲದಲ್ಲಿ ಗಾರ್ಡನ್ ವಾಸ್ಸನ್ ರಂಗಕ್ಕೆ ಬಂದರು. ವೃತ್ತಿಯಿಂದ ಅವರು ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷರು. ಅಣಬೆಗಳ ಸಾಂಸ್ಕೃತಿಕ ಚರಿತ್ರೆಯಲ್ಲಿ ಅವರಿಗೆ ಆಸಕ್ತಿ ಹುಟ್ಟಿದ್ದು ರಷ್ಯಾ ಮೂಲದ ಪತ್ನಿ, ಮಕ್ಕಳ ವೈದ್ಯೆ ವಾಲೆಂಟಿನಾ ಅವರಿಂದ. 1955ರಲ್ಲಿ ಮೆಕ್ಸಿಕೋದ ವಹಾಕಾ ಪ್ರಾಂತದ ವಾವುತ್ಲಾ ಎಂಬ ಬೆಟ್ಟದೂರಿನಲ್ಲಿ ಮಸಾಟೆಕ್ ಜನಾಂಗದ ಮಾರಿಯಾ ಸಬೀನಾ ನಡೆಸಿದ ರಾತ್ರಿಯ ಆಚರಣೆಯೊಂದರಲ್ಲಿ ವಾಸ್ಸನ್ ಅಣಬೆಗಳನ್ನು ಸೇವಿಸಿದರು. 1957ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದರ ವರದಿ ಬಂದಿತು. ಪ್ಯಾರಿಸ್ಸಿನ ರೋಜೆ ಹೈಮ್ ಬೆಳೆಸಿಕೊಟ್ಟ ಅಣಬೆಗಳಿಂದ ಹಾಫ್‌ಮನ್ 1958ರಲ್ಲಿ ಸೈಲೋಸೈಬಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದು ದೇಹದಲ್ಲಿ ತನ್ನ ಫಾಸ್ಫೇಟ್ ಭಾಗವನ್ನು ಕಳಚಿಕೊಂಡು ಸೈಲೋಸಿನ್ ಆಗುತ್ತದೆ. ಸೈಲೋಸಿನ್ ಸೆರೊಟೋನಿನ್‌ನ ಹತ್ತಿರದ ಬಂಧು. 1962ರಲ್ಲಿ ಹಾಫ್‌ಮನ್ ತಾವೇ ಮೆಕ್ಸಿಕೋಗೆ ಹೋಗಿ ಕೃತಕ ಸೈಲೋಸೈಬಿನ್ ಗುಳಿಗೆಗಳನ್ನು ಮಾರಿಯಾ ಸಬೀನಾಗೆ ಕೊಟ್ಟರು. ಅಣಬೆಯ ಚೇತನವೇ ಗುಳಿಗೆಯಲ್ಲಿಯೂ ಇದೆಯೆಂದು ಆಕೆ ಒಪ್ಪಿದಳು.

ಈ ಘಟನೆಗೆ ಪ್ರಮಾಣಶಾಸ್ತ್ರದ ದೃಷ್ಟಿಯಿಂದ ವಿಶೇಷ ಮಹತ್ತ್ವವಿದೆ. ವಾವುತ್ಲಾದಲ್ಲಿ ಸಸ್ಯವಸ್ತು, ಅದರ ಹೆಸರು, ಆಚರಣೆ, ಅದನ್ನು ಬಲ್ಲ ವ್ಯಕ್ತಿ ಎಲ್ಲವೂ ಒಂದೇ ಕಡೆ ಜೀವಂತವಾಗಿದ್ದವು. ರಸಾಯನಶಾಸ್ತ್ರಜ್ಞನ ತೀರ್ಮಾನವನ್ನು ಆಚರಣೆಯ ಅಧಿಕಾರಿಯೇ ಪರೀಕ್ಷಿಸಿ ಒಪ್ಪಲು ಸಾಧ್ಯವಿತ್ತು. ಸೋಮದ ವಿಷಯದಲ್ಲಿ ಈ ಕೊಂಡಿಗಳೆಲ್ಲ ಕಳಚಿವೆ. ಉಳಿದಿರುವುದು ಪಠ್ಯ ಒಂದೇ. ವಾವುತ್ಲಾದಲ್ಲಿ ಫಲಿಸಿದ ವಿಧಾನವನ್ನು ವಾಸ್ಸನ್ ಋಗ್ವೇದಕ್ಕೆ ಒಯ್ದಾಗ ಈ ವ್ಯತ್ಯಾಸಕ್ಕೆ ಸಾಕಷ್ಟು ಬೆಲೆ ಕೊಟ್ಟರೆಂದು ಹೇಳುವುದು ಕಷ್ಟ.

1968ರಲ್ಲಿ ಪ್ರಕಟವಾದ ವಾಸ್ಸನ್ ಅವರ ಸೋಮವಿಷಯಕ ಗ್ರಂಥವು ಆ ಸಸ್ಯವನ್ನು ಅಮಾನಿಟಾ ಮಸ್ಕಾರಿಯಾ ಎಂಬ ಅಣಬೆಯೆಂದು ಗುರುತಿಸಿತು. ಭೂರ್ಜ ಮತ್ತು ಪೈನ್ ಮರಗಳ ಬುಡದಲ್ಲಿ ಬೆಳೆಯುವ, ಕೆಂಪು ಟೊಪ್ಪಿಯ ಮೇಲೆ ಬಿಳಿ ಚುಕ್ಕೆಗಳಿರುವ ನಾಯಿಕೊಡೆ ಅದು. ಗ್ರಂಥದ ಒಂದು ಭಾಗವನ್ನು, ವೇದೋತ್ತರ ಕಾಲದಲ್ಲಿ ಸೋಮದ ಗುರುತಿನ ಚರಿತ್ರೆಯನ್ನು, ಬರೆದವರು ಆಗಿನ್ನೂ ಯುವ ವಿದುಷಿಯಾಗಿದ್ದ ವೆಂಡಿ ಡೋನಿಗರ್. ಇಂದಿಗೂ ಉಪಯುಕ್ತವಾಗಿ ಉಳಿದಿರುವುದು ಆ ಭಾಗವೇ ಎಂದರೆ ತಪ್ಪಾಗಲಾರದು. ವಾಸ್ಸನ್ ಮುಂದಿಟ್ಟ ವಾದಗಳಲ್ಲಿ ಮೂರು ಮುಖ್ಯವಾದವು: ಎಲೆ, ಹೂ, ಬೇರುಗಳ ಉಲ್ಲೇಖವಿಲ್ಲದಿರುವುದು ಅಣಬೆಗೆ ಹೊಂದುತ್ತದೆ, ಸೋಮಕ್ಕೆ ಹೇಳುವ 'ಹರಿ', 'ಅರುಣ' ಮೊದಲಾದ ಬಣ್ಣಗಳು ಈ ಅಣಬೆಯವು, 9.74ನೆಯ ಸೂಕ್ತದ ನಾಲ್ಕನೆಯ ಋಕ್ಕು ಸೋಮಪಾನ ಮಾಡಿದವರ ಮೂತ್ರದ ಮೂಲಕ ಸೋಮವು ಮತ್ತೆ ದೊರೆಯುವುದನ್ನು ಸೂಚಿಸುತ್ತದೆ. ಕೊನೆಯ ವಾದ ವಿಲಕ್ಷಣವಾಗಿ ಕಂಡರೂ ನಿರಾಧಾರವಲ್ಲ. ಸೈಬೀರಿಯಾದ ಕೊರ್ಯಾಕ್ ಜನರು ಈ ಅಣಬೆಯನ್ನು ತಿಂದವರ ಮೂತ್ರವನ್ನು ಅಮಲಿಗಾಗಿ ಕುಡಿಯುತ್ತಿದ್ದರೆಂದು 1730ರಲ್ಲಿಯೇ ಸ್ವೀಡನ್ನಿನ ಸೇನಾಧಿಕಾರಿ ಸ್ಟ್ರಾಲೆನ್‌ಬರ್ಗ್ ಬರೆದಿದ್ದ.

ಈ ವರದಿಗೆ ರಸಾಯನಶಾಸ್ತ್ರದ ಸಮರ್ಥನೆ ದೊರೆತದ್ದು ವಾಸ್ಸನ್ ಗ್ರಂಥಕ್ಕೆ ಕೆಲವೇ ವರ್ಷಗಳ ಮೊದಲು. 1869ರಲ್ಲಿ ಷ್ಮೀಡೆಬರ್ಗ್ ಮತ್ತು ಕೊಪ್ಪೆ ಈ ಅಣಬೆಯಿಂದ ಮಸ್ಕರಿನ್ ಎಂಬ ಅಂಶವನ್ನು ಬೇರ್ಪಡಿಸಿದ್ದರು. ಬೆವರು, ಜೊಲ್ಲು ಸುರಿಸಿ ಹೃದಯದ ಬಡಿತವನ್ನು ನಿಧಾನಗೊಳಿಸುವ ಮಸ್ಕರಿನ್ ನರಶರೀರಶಾಸ್ತ್ರದ ಬೆಳವಣಿಗೆಗೆ ದೊಡ್ಡ ಕೊಡುಗೆ ನೀಡಿತು. ಆದರೆ ಅಣಬೆಯಲ್ಲಿ ಅದರ ಪ್ರಮಾಣ ಅತ್ಯಲ್ಪ. ಅಮಲಿಗೆ ಅದು ಕಾರಣವಲ್ಲ. ಸುಮಾರು ನೂರು ವರ್ಷಗಳ ಕಾಲ ಅಪರಾಧಿಯ ಸ್ಥಾನದಲ್ಲಿ ಬೇರೊಬ್ಬ ನಿಂತಿದ್ದ ಎನ್ನಬೇಕು. 1960ರ ದಶಕದ ನಡುವಿನಲ್ಲಿ ಜಪಾನ್, ಸ್ವಿಟ್ಜರ್ಲೆಂಡ್ ಮತ್ತು ಇಂಗ್ಲೆಂಡುಗಳ ಸಂಶೋಧಕರು ನಿಜವಾದ ಅಂಶಗಳನ್ನು ಗುರುತಿಸಿದರು. ಅವು ಐಬೊಟೆನಿಕ್ ಆಮ್ಲ ಮತ್ತು ಮಸ್ಸಿಮಾಲ್. ಅಣಬೆ ಒಣಗುವಾಗ ಮೊದಲನೆಯದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಎರಡನೆಯದಾಗಿ ಮಾರ್ಪಡುತ್ತದೆ. ಮಸ್ಸಿಮಾಲ್‌ನ ಒಂದು ಭಾಗ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಕೊರ್ಯಾಕರ ರೂಢಿ ಇದರಿಂದ ಅರ್ಥವಾಗುತ್ತದೆ. ಆದರೆ ಮಸ್ಸಿಮಾಲ್ ಕೆಲಸ ಮಾಡುವುದು ಸೆರೊಟೋನಿನ್ ಗ್ರಾಹಕದ ಮೇಲಲ್ಲ, ನರಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಗ್ರಾಹಕದ ಮೇಲೆ. ಹೊಟ್ಟೆ ತೊಳಸುವುದು, ತೂಕಡಿಕೆ, ಗೊಂದಲ, ಸ್ವಪ್ನಮಯವಾದ ಗಾಢ ನಿದ್ರೆ ಇದರ ಸಾಮಾನ್ಯ ಲಕ್ಷಣಗಳು. ಎಲ್‌ಎಸ್‌ಡಿ ಮತ್ತು ಸೈಲೋಸೈಬಿನ್‌ಗಳ ವರ್ಗಕ್ಕೆ ಅದು ಸೇರುವುದಿಲ್ಲ. ಸೋಮಕ್ಕಾದರೋ ಋಗ್ವೇದದಲ್ಲಿ 'ಜಾಗೃವಿ', ಎಂದರೆ ಎಚ್ಚರವಾಗಿರುವವನು, ಎಂಬ ವಿಶೇಷಣವಿದೆ.

ವಾಸ್ಸನ್ ಅವರ ಪಠ್ಯವಾದಕ್ಕೆ ಪ್ರಬಲವಾದ ಉತ್ತರ ಬಂದದ್ದು 1971ರಲ್ಲಿ, ಕೇಂಬ್ರಿಜ್‌ನ ಸಂಸ್ಕೃತ ವಿದ್ವಾಂಸ ಜಾನ್ ಬ್ರಫ್ ಅವರಿಂದ. ವಿವಾದದ ತಿರುಳಾದ ಎರಡು ಶಬ್ದಗಳನ್ನು ಕನ್ನಡದ ಓದುಗರು ತಮ್ಮ ಭಾಷೆಯ ತತ್ಸಮಗಳ ಮೂಲಕವೇ ಪರೀಕ್ಷಿಸಿ ನೋಡಬಹುದು.

ಮೊದಲನೆಯದು 'ಹರಿ'. ವಾಸ್ಸನ್‌ಗೆ ಇದು ಉರಿಯುವ ಕೆಂಪು-ಹೊಂಬಣ್ಣ. ಆದರೆ ಇದೇ ಮೂಲದಿಂದ ಬಂದ 'ಹರಿದ್ರಾ' ಎಂಬುದು ಅರಿಸಿನ, 'ಹರಿನ್ಮಣಿ' ಎಂಬುದು ಪಚ್ಚೆ. ಅರಿಸಿನವೂ ಪಚ್ಚೆಯೂ ಒಂದೇ ಬಣ್ಣದ ಹೆಸರಿನಡಿ ಬರುವ ಭಾಷೆಯಲ್ಲಿ 'ಹರಿ' ಎಂಬ ಒಂದು ವಿಶೇಷಣದಿಂದ ಸಸ್ಯವೊಂದನ್ನು ಗುರುತಿಸುವುದು ಸಾಧ್ಯವಿಲ್ಲ. ಇಂದ್ರನ ಕುದುರೆಗಳೂ 'ಹರಿ'ಗಳೇ. ಸೋಮವನ್ನು ಕುದುರೆಗೆ ಹೋಲಿಸುವಾಗ ಕವಿಯು ಬಣ್ಣವನ್ನು ಗಿಡದಿಂದ ತಂದನೋ ಕುದುರೆಯಿಂದ ತಂದನೋ ಹೇಳಲಾಗದು.

ಎರಡನೆಯದು 9.74.4ರಲ್ಲಿ ಬರುವ ಕ್ರಿಯಾಪದ. ಅದರ ಧಾತು 'ಮಿಹ್'. ಮಧುಮೇಹ, ಪ್ರಮೇಹ ಎಂಬ ಪದಗಳಲ್ಲಿ ಕನ್ನಡಿಗರು ನಿತ್ಯ ಬಳಸುವ ಧಾತುವೇ ಇದು. ಮೂತ್ರ ವಿಸರ್ಜನೆಯೇ ಇದರ ವಾಚ್ಯಾರ್ಥ. ವಾಸ್ಸನ್ ಅಲ್ಲಿಗೆ ನಿಂತರು. ಆದರೆ 'ಮೇಘ' ಎಂಬ ಪದವನ್ನೂ ಈ ಧಾತುವಿಗೇ ಸಂಬಂಧಿಸಲಾಗುತ್ತದೆ. ಮರುತ್ತುಗಳು ಮಳೆಗರೆಯುವುದನ್ನು ಹೇಳುವಾಗ ವೈದಿಕ ಕವಿಗಳು ಇದನ್ನು ಸಂಕೋಚವಿಲ್ಲದೆ ಬಳಸುತ್ತಾರೆ. ಅಲ್ಲದೆ ವಿವಾದಿತ ಋಕ್ಕಿನ ಪೂರ್ವಾರ್ಧದಲ್ಲಿಯೇ ಹಾಲು ಕರೆಯುವ ಮುಗಿಲಿನ ಚಿತ್ರವಿದೆ. ಪೂರ್ವಾರ್ಧದಲ್ಲಿ ಮೋಡ, ಉತ್ತರಾರ್ಧದಲ್ಲಿ ಮಳೆ: ಈ ಸರಳವಾದ ಅನ್ವಯವನ್ನು ಬಿಟ್ಟು ಸೈಬೀರಿಯಾದ ರೂಢಿಯೊಂದನ್ನು ಒಳತರಬೇಕಾದರೆ ಬೇರೆ ಬಲವಾದ ಆಧಾರ ಬೇಕು. ಅಂಥ ಆಧಾರ ಸೋಮಯಾಗದ ವಿಧಿಗ್ರಂಥಗಳಲ್ಲಿ ಎಲ್ಲಿಯೂ ಇಲ್ಲ. ಕಡ್ಡಿಯನ್ನು ಎಷ್ಟು ಸಲ ಜಜ್ಜಬೇಕೆಂಬುದನ್ನೂ ಬಿಡದೆ ಹೇಳುವ ಗ್ರಂಥಗಳು ಇಷ್ಟು ಮುಖ್ಯವಾದ ಸಂಗತಿಯನ್ನು ಮರೆತವೆಂದು ನಂಬುವುದು ಕಷ್ಟ. 'ಎಲೆಯಿಲ್ಲ' ಎಂಬ ವಾದವೂ ಅಣಬೆಯ ಸ್ವತ್ತಲ್ಲ: ಹಂಬುಕಳ್ಳಿಗೂ ಎಲೆಯಿಲ್ಲ, ಎಫೆಡ್ರಾಕ್ಕೂ ಕಣ್ಣಿಗೆ ಕಾಣುವಂಥ ಎಲೆಯಿಲ್ಲ.

ಬ್ರಫ್ ಒಲವು ತೋರಿದ್ದು ಎಫೆಡ್ರಾದ ಕಡೆಗೆ. ಇದರ ಪರವಾದ ಸಾಕ್ಷ್ಯ ಇರಾನಿನಿಂದ ಬರುತ್ತದೆ. ಅವೆಸ್ತಾದ ಯಸ್ನ 9ರಿಂದ 11ರವರೆಗಿನ ಅಧ್ಯಾಯಗಳು 'ಹಓಮ'ದ ಸ್ತುತಿ. ಸಕಾರ ಹಕಾರವಾಗುವ ಇರಾನೀ ನಿಯಮದಂತೆ ಹಓಮವೂ ಸೋಮವೂ ಒಂದೇ ಪದ. ಯಜ್ದ್ ಪ್ರದೇಶದ ಜರತುಷ್ಟ್ರೀಯರು ಇಂದಿಗೂ 'ಹೋಮ್' ಎಂದು ಬಳಸುವುದು ಎಫೆಡ್ರಾದ ಕಡ್ಡಿಗಳನ್ನು. ಭಾರತದ ಪಾರಸಿಗಳೂ ಅವನ್ನು ಇರಾನಿನಿಂದ ತರಿಸಿಕೊಳ್ಳುತ್ತಿದ್ದರು. ಗಂಟುಗಂಟಾದ ತೆಳು ಕಡ್ಡಿಗಳ ಈ ಪೊದೆ ಹಿಮಾಲಯ, ಅಫಘಾನಿಸ್ತಾನ, ಇರಾನುಗಳ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ. 1885ರಲ್ಲಿ ಜಪಾನಿನ ನಗಾಯಿ ನಗಯೋಷಿ ಇದರಿಂದ ಎಫೆಡ್ರಿನ್ ಅನ್ನು ಬೇರ್ಪಡಿಸಿದರು. 1924ರಲ್ಲಿ ಚೆನ್ ಮತ್ತು ಷ್ಮಿಟ್ ಅದರ ಔಷಧಗುಣಗಳನ್ನು ಪ್ರಕಟಿಸಿದ ಮೇಲೆ ಉಬ್ಬಸದ ಮದ್ದಾಗಿ ಜಗತ್ತಿಗೆಲ್ಲ ಹರಡಿತು. ಅದು ನರತುದಿಗಳಿಂದ ನಾರ್‌ಅಡ್ರಿನಲಿನ್ ಬಿಡುಗಡೆಯಾಗುವಂತೆ ಮಾಡಿ ರಕ್ತದೊತ್ತಡವನ್ನು ಏರಿಸುತ್ತದೆ, ಶ್ವಾಸನಾಳಗಳನ್ನು ತೆರೆಯುತ್ತದೆ, ನಿದ್ದೆ ಮತ್ತು ದಣಿವನ್ನು ದೂರವಿಡುತ್ತದೆ. 1989ರಲ್ಲಿ ಹ್ಯಾರಿ ಫಾಲ್ಕ್ ಈ ಮತಕ್ಕೆ ಹೊಸ ಬಲ ತುಂಬಿದರು. 'ಅತಿರಾತ್ರ'ದಂಥ ಯಾಗಗಳಲ್ಲಿ ಋತ್ವಿಜರು ರಾತ್ರಿಯಿಡೀ ಎಚ್ಚರವಿದ್ದು ಸ್ತೋತ್ರಶಸ್ತ್ರಗಳನ್ನು ಹೇಳಬೇಕಾಗಿತ್ತು. ಸೋಮದ ಗುಣವೆಂದು ಋಕ್ಕುಗಳು ಎತ್ತಿ ಹೇಳುವುದು ಎಚ್ಚರ, ಹುರುಪು, ಯುದ್ಧೋತ್ಸಾಹ, ಕಾವ್ಯಸ್ಫೂರ್ತಿಗಳನ್ನು. ದರ್ಶನಭ್ರಮೆಯನ್ನು ಸಾಧಿಸಲು ಪಠ್ಯದಲ್ಲಿ ಆಧಾರ ಸಾಲದು ಎಂಬುದು ಅವರ ನಿಲುವು.

ಎಫೆಡ್ರಾದ ದೌರ್ಬಲ್ಯವೂ ಇಲ್ಲಿಯೇ ಇದೆ. ಎಫೆಡ್ರಿನ್ ಭೂಮ್ಯಾಕಾಶಗಳನ್ನು ಮೀರಿದ ಅನುಭವವನ್ನು ಕೊಡುವ ದ್ರವ್ಯವಲ್ಲ. ಈ ಕೊರತೆಯನ್ನು ತುಂಬಲೆಂಬಂತೆ ಅದೇ 1989ರಲ್ಲಿ ಡೇವಿಡ್ ಫ್ಲ್ಯಾಟರಿ ಮತ್ತು ಮಾರ್ಟಿನ್ ಶ್ವಾರ್ಟ್ಸ್ ಇರಾನಿನಲ್ಲಿ 'ಎಸ್ಫಂದ್' ಎಂದು ಕರೆಯುವ ಪೆಗಾನಮ್ ಹರ್ಮಲಾ ಗಿಡವನ್ನು ಮುಂದಿಟ್ಟರು. ಅದರ ಬೀಜದಲ್ಲಿರುವ ಹರ್ಮಲಿನ್ ಮತ್ತು ಹರ್ಮಿನ್‌ಗಳು 1840ರ ದಶಕದಿಂದಲೂ ಪರಿಚಿತವಾದವು. ಸೆರೊಟೋನಿನ್ ಮೊದಲಾದವನ್ನು ಒಡೆಯುವ ಕಿಣ್ವವೊಂದನ್ನು ಅವು ತಡೆಯುತ್ತವೆ. ದಕ್ಷಿಣ ಅಮೆರಿಕದ ಅಯಹುವಾಸ್ಕಾ ಪಾನೀಯದ ಬಳ್ಳಿಯಲ್ಲಿಯೂ ಇದೇ ಅಂಶಗಳಿವೆ. ಇಲ್ಲಿ ಎದುರಾಗುವ ಆಕ್ಷೇಪ ಒಂದೇ ಸಾಲಿನದು: ಎಸ್ಫಂದ್‌ನ ಸತ್ತ್ವ ಹೆಚ್ಚಾಗಿ ಬೀಜದಲ್ಲಿದೆ, ಋಗ್ವೇದ ಜಜ್ಜುವುದು ಕಡ್ಡಿಯನ್ನು.

ಈ ಮತಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿಗೆ ಪರಿಚಿತವಾದ ಅಮಲು ಮದ್ಯ. ಆ ಕಾಲದ ಅನೇಕರಿಗೆ ಸೋಮವೂ ಮದ್ಯವಾಗಿ ಕಂಡಿತು. 1960ರ ದಶಕದಲ್ಲಿ ಅದು ಅಣಬೆಯಾಯಿತು. ಅಯಹುವಾಸ್ಕಾ ಜಗತ್ಪ್ರಸಿದ್ಧವಾದ ಮೇಲೆ, 2017ರಲ್ಲಿ, ಮ್ಯಾಥ್ಯೂ ಕ್ಲಾರ್ಕ್ ಅವರ ಗ್ರಂಥದಲ್ಲಿ ಸೋಮವು ಹಲವು ಸಸ್ಯಗಳನ್ನು ಬೆರೆಸಿದ ಅಯಹುವಾಸ್ಕಾ ಬಗೆಯ ಪಾನೀಯವಾಯಿತು. ಎಫೆಡ್ರಾ ಮಾತ್ರ ಇದಕ್ಕೆ ಅಪವಾದ. ಅದರ ಹೆಸರು ಚರ್ಚೆಗೆ ಬಂದದ್ದು ಔಷಧಾಲಯದಿಂದಲ್ಲ. ಜರತುಷ್ಟ್ರೀಯರ ಬಳಕೆಯಿಂದ ಮತ್ತು 1880ರ ದಶಕದಲ್ಲಿ ಅಫಘಾನ್ ಗಡಿಪ್ರದೇಶದಲ್ಲಿ ಸಸ್ಯಸಂಗ್ರಹ ಮಾಡಿದ ಏಚಿಸನ್ ಕೇಳಿದ 'ಹುಮ್' ಎಂಬ ಆಡುಮಾತಿನ ಹೆಸರಿನಿಂದ. ಉಳಿದ ಸಸ್ಯಗಳಿಗಿಲ್ಲದ ವಿಶ್ವಾಸಾರ್ಹತೆಯನ್ನು ಅದಕ್ಕೆ ತಂದುಕೊಡುವುದು ಈ ಹೆಸರು ಮತ್ತು ಬಳಕೆಯ ಸಾಕ್ಷ್ಯವೇ ಹೊರತು ಎಫೆಡ್ರಿನ್ ಅಲ್ಲ.

ಋಷಿಗಳ ಉನ್ನತ ಅನುಭವಕ್ಕೆ ಅಷ್ಟೇ ಉನ್ನತವಾದ ಅಣುವೊಂದು ಕಾರಣವಾಗಿರಲೇಬೇಕು ಎಂಬುದು ಈ ಚರ್ಚೆಯ ಹಿಂದೆ ಕೆಲಸ ಮಾಡಿರುವ ಗೃಹೀತ. ಇದನ್ನು ಅಲುಗಾಡಿಸುವ ಸಾಕ್ಷ್ಯ ವಾವುತ್ಲಾದಿಂದಲೇ ದೊರೆಯುತ್ತದೆ. ಹೊರಗಿನವರು ಬರುವ ಮೊದಲು ದೇವರನ್ನು ಕಾಣಲೆಂದು ಯಾರೂ ಅಣಬೆಯನ್ನು ತಿನ್ನುತ್ತಿರಲಿಲ್ಲ, ರೋಗಿಗಳನ್ನು ಗುಣಪಡಿಸಲು ಮಾತ್ರ ಬಳಸುತ್ತಿದ್ದರೆಂದು ಮಾರಿಯಾ ಸಬೀನಾ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾಳೆ. ಅಣು ಒಂದೇ, ಗ್ರಾಹಕ ಒಂದೇ. ಮಸಾಟೆಕ್ ವೈದ್ಯೆಗೆ ಅಲ್ಲಿ ಕಂಡದ್ದು ರೋಗದ ಮೂಲ, ನ್ಯೂಯಾರ್ಕಿನ ಬ್ಯಾಂಕರನಿಗೆ ಕಂಡದ್ದು ಧರ್ಮಗಳ ಮೂಲ. ಹೀಗಿರುವಾಗ ಅನುಭವದ ವರ್ಣನೆಯಿಂದ ಹಿಂದಕ್ಕೆ ನಡೆದು ಅಣುವನ್ನು ತಲುಪುವ ದಾರಿ ಭದ್ರವಾದುದಲ್ಲ. ಲಬಸೂಕ್ತದ ಅತಿಶಯೋಕ್ತಿಯನ್ನು ಓದುವಾಗ ಇದು ಇನ್ನೂ ಮುಖ್ಯ. ಅಲ್ಲಿ ಮಾತನಾಡುವವನು ಇಂದ್ರನೆಂದು ಪರಂಪರೆಯ ಅನೇಕರು ತಿಳಿದಿದ್ದಾರೆ; ಇಂದ್ರನ ಗಾತ್ರವನ್ನು ಹೇಳಲು ವೈದಿಕ ಕವಿಗೆ ಅಮಲಿನ ನೆರವು ಬೇಕಿರಲಿಲ್ಲ, ಸೋಮದ ಹೆಸರೇ ಬಾರದ ಸೂಕ್ತಗಳಲ್ಲಿಯೂ ದೇವತೆಗಳು ಭೂಮ್ಯಾಕಾಶಗಳನ್ನು ಮೀರಿಯೇ ಇರುತ್ತಾರೆ. ರಸಾಯನಶಾಸ್ತ್ರವು ಇಲ್ಲಿ ನಿರಾಕರಣೆಯ ಕೆಲಸವನ್ನು ಚೆನ್ನಾಗಿ ಮಾಡಬಲ್ಲದು: ತೂಕಡಿಕೆ ತರುವ ಮಸ್ಸಿಮಾಲ್ 'ಜಾಗೃವಿ'ಗೆ ಒಗ್ಗದು ಎಂದು ಅದು ಹೇಳಬಲ್ಲದು. ಉಳಿದವುಗಳಲ್ಲಿ ಇದೇ ಎಂದು ಬೆರಳಿಟ್ಟು ತೋರಿಸಲು ಅದಕ್ಕೆ ಮಾದರಿವಸ್ತು ಬೇಕು.

ಮಾದರಿವಸ್ತು ಸಿಕ್ಕಿತೆಂಬ ಸುದ್ದಿಯೂ ಒಮ್ಮೆ ಹಬ್ಬಿತ್ತು. ತುರ್ಕಮೆನಿಸ್ತಾನದ ಮರ್ಗಿಯಾನಾ ಪ್ರದೇಶದ ಕಂಚಿನ ಯುಗದ ನೆಲೆಗಳಾದ ಗೊನೂರ್ ಮತ್ತು ತೊಗೊಲೊಕ್‌ಗಳಲ್ಲಿ ಉತ್ಖನನ ನಡೆಸಿದ ವಿಕ್ಟರ್ ಸರಿಯಾನಿಡಿ, ಅಲ್ಲಿ ಬೆಳಕಿಗೆ ಬಂದ ಕಟ್ಟಡಗಳನ್ನು ದೇವಾಲಯಗಳೆಂದು ಕರೆದು, ಅವುಗಳ ಕೋಣೆಗಳಲ್ಲಿದ್ದ ಪಾತ್ರೆಗಳ ಒಳಮೈಯಲ್ಲಿ ಎಫೆಡ್ರಾ, ಗಾಂಜಾ ಮತ್ತು ಅಫೀಮು ಗಿಡಗಳ ಅವಶೇಷಗಳಿವೆಯೆಂದು ಪ್ರಕಟಿಸಿದರು. ಸೋಮಹಓಮಗಳ ತಯಾರಿಕೆಯ ಸ್ಥಳವೇ ದೊರೆಯಿತೆಂದು ಅನೇಕರು ಭಾವಿಸಿದರು. ಗ್ರಂಥಗಳಲ್ಲಿ ಅದು ಉಲ್ಲೇಖಗೊಂಡಿತು. 1999ರಲ್ಲಿ ಲೈಡನ್ನಿನಲ್ಲಿ ಸೋಮಹಓಮಗಳ ಬಗ್ಗೆ ವಿದ್ವಾಂಸರ ಗೋಷ್ಠಿ ನಡೆಯಿತು. ಅದಕ್ಕೆ ಸಂಬಂಧಿಸಿ 2003ರಲ್ಲಿ ಪ್ರಕಟವಾದ ಲೇಖನಗಳಲ್ಲಿ ಒಂದು, ಲೈಡನ್ ವಿಶ್ವವಿದ್ಯಾಲಯದ ಸಸ್ಯಪುರಾತತ್ತ್ವಜ್ಞೆ ಕೊರಿ ಬಾಕೆಲ್ಸ್ ಅವರದು. ಗೊನೂರ್‌ನ ಪಾತ್ರೆಯ ಒಳಪದರದ ತುಣುಕುಗಳನ್ನು ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಆ ಪದರವು ಜಿಪ್ಸಮ್‌ನದು. ಅದರಲ್ಲಿ ಉಳಿದಿದ್ದ ಅಚ್ಚುಗಳು ಎಫೆಡ್ರಾದ್ದಲ್ಲ, ಗಾಂಜಾದ್ದಲ್ಲ, ಅಫೀಮಿನದೂ ಅಲ್ಲ; ಕರ್ನಾಟಕದ ಬಯಲುಸೀಮೆಯ ಹೊಲಗಳಲ್ಲಿಯೂ ಬೆಳೆಯುವ ಬರಗಿನವು.